ದೇವಾಲಯದ ಗೋಪುರಗಳಲ್ಲಿ ಯಾತ್ರಿಕ ಪಕ್ಷಿ

ಶತಮಾನೋತ್ಸವದ ಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಇಗರ್ಜಿಗೆ ಅಸ್ತಿಭಾರವಿಟ್ಟ ಗುರುಗಳನ್ನೂ ಕಲ್ಲು ಮಣ್ಣು ಹೊತ್ತ ಹಿರಿಯರನ್ನೂ ಸ್ಮರಿಸುವುದು ಸಂಪ್ರದಾಯ. ಆ ಪುಣ್ಯಕಾರ್ಯವನ್ನು ಈ ಸಂಚಿಕೆಯ ಇತರ ಲೇಖಕರಿಗೆ ಬಿಟ್ಟು, ನಾವು ಇಲ್ಲಿ ಬೇರೊಂದು ಬಗೆಯ ನಿವಾಸಿಯ ಚರಿತ್ರೆಯನ್ನು ಬರೆಯಲು ಹೊರಟಿದ್ದೇವೆ. ಈ ನಿವಾಸಿ ವಂತಿಗೆ ಕೊಟ್ಟವನಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಅವನ ಹೆಸರಿಲ್ಲ. ಆದರೂ ಲೋಕದ ಅನೇಕ ದೇವಾಲಯಗಳ ಗೋಪುರಗಳನ್ನು ತನ್ನ ಮನೆಯಾಗಿ ಮಾಡಿಕೊಂಡು, ಅಲ್ಲಿ ಮೊಟ್ಟೆಯಿಟ್ಟು ಮರಿಗಳನ್ನು ಬೆಳೆಸಿದ್ದಾನೆ. ಅವನೇ ಡೇಗೆ ಎಂಬ ಬೇಟೆಹಕ್ಕಿ. ವಿಜ್ಞಾನಿಗಳು ಈ ಹಕ್ಕಿಗೆ ಕೊಟ್ಟಿರುವ ಲ್ಯಾಟಿನ್ ಹೆಸರು ‘ಫಾಲ್ಕೊ ಪೆರೆಗ್ರಿನಸ್’. ‘ಪೆರೆಗ್ರಿನಸ್’ ಎಂದರೆ ಯಾತ್ರಿಕ, ಪರದೇಶಿ ಎಂದರ್ಥ. ಯಾತ್ರಿಕನಿಗೆ ದೇವಾಲಯದಲ್ಲಿ ಆಶ್ರಯ ದೊರೆಯುವುದು ನಮ್ಮ ಧರ್ಮದಲ್ಲಿ ಹೊಸ ಮಾತೇನೂ ಅಲ್ಲ.

ಹಕ್ಕಿಯ ಚರಿತ್ರೆಗೂ ಕಾಣಿಯೂರಿನ ಕ್ರೈಸ್ತ ಬಾಂಧವರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಕೀಟವನ್ನು ಕೊಲ್ಲಲೆಂದು ಮನುಷ್ಯನು ತಯಾರಿಸಿದ ವಿಷ ಯಾರ ಯಾರ ಸಂತಾನವನ್ನು ಮುಟ್ಟಬಲ್ಲುದೆಂಬುದನ್ನು ಲೋಕಕ್ಕೆ ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವುಗಳಲ್ಲಿ ಈ ಹಕ್ಕಿಯ ಮೊಟ್ಟೆಯೂ ಒಂದು. ಆ ಪಾಠದ ಬೆಲೆಯನ್ನು ನಮ್ಮ ಸೀಮೆಯ ಮನೆಗಳೂ ತೆತ್ತಿವೆ.

ಸಂತರೂ ಅರಸರೂ ಕಂಡ ಹಕ್ಕಿ

ಕ್ರೈಸ್ತ ಚರಿತ್ರೆಯಲ್ಲಿ ಈ ಹಕ್ಕಿಯ ಕುಲ ಅಪರಿಚಿತವಲ್ಲ. ಇಟಲಿಯ ಲಾ ವೆರ್ನಾ ಎಂಬ ಬೆಟ್ಟ ಅಸ್ಸಿಸಿಯ ಸಂತ ಫ್ರಾನ್ಸಿಸರ ಏಕಾಂತ ಪ್ರಾರ್ಥನೆಯ ತಾಣವಾಗಿತ್ತು. 1224ರಲ್ಲಿ ಪ್ರಭು ಯೇಸುವಿನ ಪಂಚಗಾಯಗಳ ಗುರುತು ಅವರ ದೇಹದಲ್ಲಿ ಮೂಡಿದ್ದು ಅಲ್ಲಿಯೇ. ಕಡಿದಾದ ಬಂಡೆಗಳ ಆ ಬೆಟ್ಟದಲ್ಲಿ, ಸಂತರ ಕುಟೀರದ ಬಳಿ, ಡೇಗೆಯೊಂದು ಗೂಡುಮಾಡಿಕೊಂಡಿತ್ತೆಂದು ಅವರ ಹಳೆಯ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಆ ಹಕ್ಕಿ ಕೂಗಿ ಸಂತರನ್ನು ಎಚ್ಚರಿಸುತ್ತಿತ್ತಂತೆ. ಸಂತರು ಕಾಯಿಲೆ ಬಿದ್ದಾಗ ಅಷ್ಟು ಬೇಗ ಎಬ್ಬಿಸದೆ, ಬೆಳಗಾಗುವ ಹೊತ್ತಿಗೆ ಮೆಲ್ಲನೆ ದನಿಮಾಡುತ್ತಿತ್ತಂತೆ. ಅವರು ಅದನ್ನು ಹಿಡಿಯಲಿಲ್ಲ, ಪಳಗಿಸಲಿಲ್ಲ. ಅದು ತನ್ನ ಬಂಡೆಯಲ್ಲಿತ್ತು, ಅವರು ತಮ್ಮ ಕುಟೀರದಲ್ಲಿದ್ದರು. ಈ ಸಂತರನ್ನು ಪೋಪ್ ಎರಡನೆಯ ಜಾನ್ ಪೌಲರು 1979ರಲ್ಲಿ ಪರಿಸರ ರಕ್ಷಣೆಯ ಕಾರ್ಯಕರ್ತರ ಪಾಲಕ ಸಂತರನ್ನಾಗಿ ಘೋಷಿಸಿದರು.

ಅದೇ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಡೇಗೆಯನ್ನು ಹಿಡಿದು, ಕಣ್ಣಿಗೆ ಟೊಪ್ಪಿಗೆ ಹಾಕಿ, ಮುಂಗೈಯ ಮೇಲೆ ಕೂರಿಸಿ ಬೇಟೆಯಾಡುವ ಕಲೆಯ ಮೇಲೆ ದೊಡ್ಡ ಗ್ರಂಥವನ್ನೇ ರಚಿಸಿದನು. ಸಂತ ಮಹಾ ಆಲ್ಬರ್ಟರು ಪ್ರಾಣಿಗಳನ್ನು ಕುರಿತು ಬರೆದ ತಮ್ಮ ಗ್ರಂಥದಲ್ಲಿ ಈ ಹಕ್ಕಿಯನ್ನು ‘ಯಾತ್ರಿಕ ಡೇಗೆ’ಯೆಂಬ ಹೆಸರಿನಿಂದ ವರ್ಣಿಸಿದ್ದಾರೆ. 1931ರಲ್ಲಿ ಸಂತ ಪದವಿಗೇರಿದ ಆಲ್ಬರ್ಟರು ಪ್ರಕೃತಿ ವಿಜ್ಞಾನಿಗಳ ಪಾಲಕ ಸಂತರೆಂಬುದನ್ನು ಇಲ್ಲಿ ಸ್ಮರಿಸಬಹುದು.

ನಮ್ಮ ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಫ್ರೆಡರಿಕನಿಗಿಂತ ಒಂದು ಶತಮಾನ ಮೊದಲೇ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದವೆಂಬ ಹೆಸರಿನಿಂದ ಬೇಟೆಹಕ್ಕಿಗಳನ್ನು ಸಾಕಿ ಬೇಟೆಯಾಡುವ ಕ್ರಮವನ್ನು ವಿವರಿಸಿದ್ದಾನೆ. ವಿಜಯನಗರವನ್ನು ಆಳಿದ ಸಾಳುವ ಮನೆತನದ ಹೆಸರಿಗೂ ಬೇಟೆಗೆ ಬಳಸುವ ಗಿಡುಗವೆಂದೇ ಅರ್ಥ. ಅರಸರು ಈ ಹಕ್ಕಿಯ ವೇಗವನ್ನು ಮೆಚ್ಚಿದರು. ಆಕಾಶದಿಂದ ಬೇಟೆಯ ಮೇಲೆ ಎರಗುವಾಗ ಡೇಗೆಯ ವೇಗ ಗಂಟೆಗೆ 300 ಕಿಲೋಮೀಟರನ್ನು ಮೀರುತ್ತದೆ. ಜೀವಿಗಳಲ್ಲಿ ಇದಕ್ಕಿಂತ ವೇಗಿ ಇನ್ನೊಂದಿಲ್ಲ.

ಬಂಡೆಯಿಂದ ಗೋಪುರಕ್ಕೆ

ಡೇಗೆ ಕಾಗೆಯಂತೆ ಕಡ್ಡಿಗಳನ್ನು ಹೆಣೆದು ಗೂಡು ಕಟ್ಟುವ ಹಕ್ಕಿಯಲ್ಲ. ಕಡಿದಾದ ಬಂಡೆಯ ನಡುವಿನ ಚಾಚಿನಲ್ಲಿ ನೆಲಗಲ್ಲಿನ ಪುಡಿಯನ್ನು ಎದೆಯಿಂದಲೂ ಕಾಲಿನಿಂದಲೂ ಕೆರೆದು ಒಂದು ತಗ್ಗು ಮಾಡುತ್ತದೆ. ಆ ತಗ್ಗೇ ಅದರ ಗೂಡು. ಕೆಳಗಿನಿಂದ ಶತ್ರು ಹತ್ತಲಾರದ ಎತ್ತರ, ಮುಂದೆ ವಿಶಾಲವಾದ ಬಯಲು, ಸಮೀಪದಲ್ಲಿ ಹಾರುವ ಹಕ್ಕಿಗಳು, ಮೊಟ್ಟೆಯನ್ನು ಉರುಳಗೊಡದ ಸ್ವಲ್ಪ ಜಲ್ಲಿ, ಇಷ್ಟಿದ್ದರೆ ಅದಕ್ಕೆ ಸಾಕು. ಮನುಷ್ಯನು ದೇವರ ಮಹಿಮೆಗಾಗಿ ಕಲ್ಲಿನ ಗೋಪುರಗಳನ್ನು ಎತ್ತಿದಾಗ, ಡೇಗೆಯ ಕಣ್ಣಿಗೆ ಅವು ಬಂಡೆಗಳಾಗಿಯೇ ಕಂಡವು. ಪೇಟೆಯ ಪಾರಿವಾಳಗಳಂತೂ ಅಲ್ಲಿಯೇ ಗುಂಪುಗುಂಪಾಗಿ ಇದ್ದವು. ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಧಾನಾಲಯದ ಶಿಖರ 404 ಅಡಿ ಎತ್ತರವಾದುದು. ಆ ಶಿಖರದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಡೇಗೆಗಳು ನೆಲೆಸಿದ್ದ ದಾಖಲೆಯಿದೆ.

ಆದರೆ ಗೋಪುರ ಬಂಡೆಯಂತೆ ಕಂಡರೂ ಎಲ್ಲ ವಿಷಯದಲ್ಲಿಯೂ ಬಂಡೆಯಲ್ಲ. ಈ ಸತ್ಯ ಸ್ಪಷ್ಟವಾಗಿ ತಿಳಿದುಬಂದದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ. ಅಲ್ಲಿಯ ಸನ್ ಲೈಫ್ ವಿಮಾ ಸಂಸ್ಥೆಯ ಎತ್ತರದ ಕಟ್ಟಡಕ್ಕೆ 1936ರಲ್ಲಿ ಡೇಗೆಯ ಜೋಡಿಯೊಂದು ಬಂದಿತು. ಮೊಟ್ಟೆಯಿಡಲು ನಯವಾದ ಕಲ್ಲು ಮತ್ತು ನೀರಿನ ದೋಣಿಯ ಹೊರತು ಬೇರೆ ಸ್ಥಳವಿರಲಿಲ್ಲ. ಅಂತಹ ನೆಲದಲ್ಲಿಟ್ಟ ಮೊಟ್ಟೆ ಉರುಳಿಹೋಗುತ್ತದೆ, ಅಥವಾ ಮಳೆಯ ನೀರಿನಲ್ಲಿ ನೆನೆದು ತಣ್ಣಗಾಗುತ್ತದೆ. ಹಾರ್ಪರ್ ಹಾಲ್ ಎಂಬ ಪಕ್ಷಿವೀಕ್ಷಕರು ಇದನ್ನು ಕಂಡು, 1940ರಲ್ಲಿ ಮರದ ತಟ್ಟೆಯೊಂದರಲ್ಲಿ ಜಲ್ಲಿ ತುಂಬಿಸಿ ಆ ಚಾಚಿನಲ್ಲಿ ಇಡಿಸಿದರು. ಹೆಣ್ಣು ಹಕ್ಕಿ ಅದನ್ನು ಒಪ್ಪಿಕೊಂಡಿತು. 1952ರವರೆಗೆ ಅದೇ ಹಕ್ಕಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿತು. ಜನರು ಅದಕ್ಕೆ ‘ಡಚೆಸ್’ ಎಂದರೆ ರಾಣಿವಾಸದ ಹೆಸರನ್ನಿಟ್ಟರು. ಒಂದು ತಟ್ಟೆ ಜಲ್ಲಿ ಮಾಡಿದ ಉಪಕಾರವನ್ನು ಗಮನಿಸಬೇಕು. ಮುಂದೆ ಲೋಕದ ನೂರಾರು ಕಟ್ಟಡಗಳಲ್ಲಿ ಈ ಹಕ್ಕಿಗೆ ದೊರೆತ ಸಹಾಯ ಬಹುಮಟ್ಟಿಗೆ ಇದೇ ಬಗೆಯದು.

ಯುದ್ಧ ಮತ್ತು ವಿಷ

ಮಾಂಟ್ರಿಯಲಿನಲ್ಲಿ ತಟ್ಟೆಯಿಟ್ಟ ಅದೇ 1940ರಲ್ಲಿ ಬ್ರಿಟಿಷ್ ಸರಕಾರ ಡೇಗೆಗಳನ್ನು ನಾಶಮಾಡಲು ಆಜ್ಞೆ ಹೊರಡಿಸಿತು. ಯುದ್ಧವಿಮಾನಗಳಿಂದ ಸಂದೇಶ ತರುವ ಪಾರಿವಾಳಗಳನ್ನು ಅವು ಕೊಲ್ಲುತ್ತವೆಂಬುದು ಕಾರಣ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 600 ಡೇಗೆಗಳು ಗುಂಡಿಗೆ ಬಲಿಯಾದವು. ಮೊಟ್ಟೆ ಮರಿಗಳೂ ನಾಶವಾದವು. ಆದರೆ ಗುಂಡಿನಿಂದಾದ ಹಾನಿ ತಾತ್ಕಾಲಿಕವಾಗಿತ್ತು. ಯುದ್ಧ ಮುಗಿದ ಮೇಲೆ ಹಕ್ಕಿಗಳು ಚೇತರಿಸಿಕೊಳ್ಳತೊಡಗಿದವು.

ನಿಜವಾದ ಆಪತ್ತು ಬಂದದ್ದು ಉಪಕಾರದ ರೂಪದಲ್ಲಿ. ಡಿ.ಡಿ.ಟಿ. ಎಂಬ ರಾಸಾಯನಿಕ ಕೀಟಗಳನ್ನು ಕೊಲ್ಲುವುದೆಂದು ಕಂಡುಹಿಡಿದುದಕ್ಕಾಗಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯುಲ್ಲರರಿಗೆ 1948ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇದನ್ನು ನಾವು ಹಗುರವಾಗಿ ಕಾಣಲಾಗದು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಘಟ್ಟದ ಬುಡದ ಕಾಡುಸೀಮೆಗಳಲ್ಲಿ ಚಳಿಜ್ವರದ ಹೆಸರು ಕೇಳಿದರೆ ನಡುಗುತ್ತಿದ್ದ ಕಾಲವದು. ಹಲವು ಹಸುಳೆಗಳು ಬದುಕಿ ಉಳಿದದ್ದು ಈ ಔಷಧದಿಂದ. ಮನೆಯ ಗೋಡೆಯಲ್ಲಿ ಮಿತವಾಗಿ ಬಳಸಬೇಕಾಗಿದ್ದ ವಸ್ತುವನ್ನು ಹೊಲಗದ್ದೆಗಳ ಮೇಲೂ ಕಾಡುಗಳ ಮೇಲೂ ಟನ್ನುಗಟ್ಟಲೆ ಸುರಿದದ್ದೇ ತಪ್ಪಾಯಿತು.

ಹೊಲಕ್ಕೆ ಬಿದ್ದ ವಿಷ ಕರಗಿಹೋಗಲಿಲ್ಲ. ಅದು ಹುಳುವಿನ ಕೊಬ್ಬಿನಲ್ಲಿ ಸೇರಿತು; ನೂರು ಹುಳುಗಳನ್ನು ತಿಂದ ಚಿಕ್ಕ ಹಕ್ಕಿಯಲ್ಲಿ ನೂರು ಪಾಲಾಯಿತು; ಅಂತಹ ನೂರು ಹಕ್ಕಿಗಳನ್ನು ತಿಂದ ಡೇಗೆಯಲ್ಲಿ ಇನ್ನೂ ಹೆಚ್ಚಾಯಿತು. ಡೇಗೆ ಒಮ್ಮೆಲೇ ಸಾಯಲಿಲ್ಲ. ಡಿ.ಡಿ.ಟಿ.ಯಿಂದ ದೇಹದೊಳಗೆ ಹುಟ್ಟುವ ಡಿ.ಡಿ.ಇ. ಎಂಬ ವಸ್ತು, ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶ ಸೇರದಂತೆ ತಡೆಯಿತು. ಚಿಪ್ಪು ತೆಳ್ಳಗಾಯಿತು. ಕಾವು ಕೊಡಲೆಂದು ಕುಳಿತ ತಾಯಿಯ ಭಾರಕ್ಕೆ ಮೊಟ್ಟೆ ಒಡೆಯಿತು. ಮರಿಗೆ ಜೀವ ಕೊಡಬೇಕಾದ ಶಾಖದ ಕ್ರಿಯೆಯೇ ಅದರ ಸಾವಿಗೆ ಕಾರಣವಾಯಿತು.

ಈ ಸಂಗತಿ ಬೆಳಕಿಗೆ ಬಂದ ಬಗೆ ಚರಿತ್ರೆಯನ್ನು ಬರೆಯುವವರೆಲ್ಲರೂ ಗಮನಿಸಬೇಕಾದುದು. ಡೇಗೆಗಳು ವಿಪರೀತ ಹೆಚ್ಚಿ ತಮ್ಮ ಪಂದ್ಯದ ಪಾರಿವಾಳಗಳನ್ನು ತಿನ್ನುತ್ತಿವೆಯೆಂದು ಪಾರಿವಾಳ ಸಾಕುವವರು ಇಂಗ್ಲೆಂಡಿನಲ್ಲಿ ದೂರಿಕೊಂಡರು. ಆ ದೂರಿನ ವಿಚಾರಣೆಗಾಗಿ 1961ರಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಎಣಿಕೆ ನಡೆಯಿತು. ಹೆಚ್ಚಾಗಿರುವುದಕ್ಕೆ ಬದಲು ಹಕ್ಕಿಗಳು ಬಹುಭಾಗ ಮಾಯವಾಗಿದ್ದುದು ಕಂಡುಬಂತು. ಗೂಡುಗಳಲ್ಲಿ ಒಡೆದ ಮೊಟ್ಟೆಗಳಿದ್ದವು. ಇದು ಯಾವಾಗಿನಿಂದ ಆರಂಭವಾಯಿತೆಂದು ತಿಳಿಯುವುದು ಹೇಗೆ? ಹಿಂದಿನ ಕಾಲದ ಶ್ರೀಮಂತರು ಹವ್ಯಾಸಕ್ಕಾಗಿ ಹಕ್ಕಿಗಳ ಮೊಟ್ಟೆಗಳನ್ನು ಕದ್ದು, ಒಳಗಿನ ಸಾರವನ್ನು ತೆಗೆದು, ತಾರೀಖು ಬರೆದು ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಿದ್ದರು. ಆ ಹಳೆಯ ಚಿಪ್ಪುಗಳನ್ನು ಒಂದೊಂದಾಗಿ ತೂಗಿ ಅಳೆದಾಗ, 1947ರ ಸುಮಾರಿನಿಂದ ಚಿಪ್ಪುಗಳು ಥಟ್ಟನೆ ಐದನೆಯ ಒಂದು ಪಾಲಿನಷ್ಟು ಹಗುರವಾಗಿದ್ದುದು ತಿಳಿಯಿತು. ಡಿ.ಡಿ.ಟಿ. ಬಳಕೆಗೆ ಬಂದುದೂ ಆಗಲೇ. ಈ ಶೋಧ 1967ರಲ್ಲಿ ಪ್ರಕಟವಾಯಿತು. ನಮ್ಮ ಹಿಂದಿನ ಗುರುಗಳು ಬರೆದಿಟ್ಟ ಜ್ಞಾನಸ್ನಾನ ಮರಣಗಳ ಪುಸ್ತಕಗಳು, ಒಂದು ಉದ್ದೇಶಕ್ಕಾಗಿ ಬರೆದವಾದರೂ, ನೂರು ವರ್ಷಗಳ ನಂತರ ಬೇರೊಂದು ಪ್ರಶ್ನೆಗೆ ಉತ್ತರ ಹೇಳುವುದುಂಟು. ಆ ಮೊಟ್ಟೆಗಳು ಕೂಡ ಅಂತಹುದೇ ದಾಖಲೆಯಾದವು. ತಾರೀಖು ಬರೆದಿಡದಿದ್ದರೆ ಅವು ಬರಿಯ ಚಿಪ್ಪುಗಳಾಗಿರುತ್ತಿದ್ದವು.

ಅಮೆರಿಕದಲ್ಲಿ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ರೇಚಲ್ ಕಾರ್ಸನ್ ಎಂಬ ಲೇಖಕಿ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕದಲ್ಲಿ ಕೀಟನಾಶಕಗಳ ಅಪಾಯವನ್ನು ಎತ್ತಿ ತೋರಿಸಿದ್ದರು. 1964ರಲ್ಲಿ ಆ ದೇಶದ ಪೂರ್ವಭಾಗದಲ್ಲಿ ಹಿಂದೆ ಡೇಗೆಗಳು ವಾಸಿಸುತ್ತಿದ್ದ 133 ನೆಲೆಗಳನ್ನು ವಿಜ್ಞಾನಿಗಳು ಹುಡುಕಿ ನೋಡಿದರು. ಒಂದರಲ್ಲಿಯೂ ಹಕ್ಕಿಯಿರಲಿಲ್ಲ.

ಮರಳಿ ಬಂದ ಯಾತ್ರಿಕ

ಅಮೆರಿಕದಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು 1972ರಲ್ಲಿ ನಿಷೇಧಿಸಲಾಯಿತು. ಟಾಮ್ ಕೇಡ್ ಎಂಬ ಪ್ರಾಧ್ಯಾಪಕರು 1970ರಲ್ಲಿ ಸ್ಥಾಪಿಸಿದ ಸಂಸ್ಥೆ ಡೇಗೆಗಳನ್ನು ಪಂಜರದಲ್ಲಿ ಬೆಳೆಸಿ, ನಾಲ್ಕು ಸಾವಿರಕ್ಕೂ ಹೆಚ್ಚು ಮರಿಗಳನ್ನು ಹೊರಕ್ಕೆ ಬಿಟ್ಟಿತು. ಬಂಡೆಯ ಮೇಲೂ ಗೋಪುರದ ಮೇಲೂ ಪೆಟ್ಟಿಗೆಗಳನ್ನಿಟ್ಟು, ಮನುಷ್ಯನ ಮುಖ ಕಾಣದಂತೆ ಮರಿಗಳಿಗೆ ಆಹಾರ ಒದಗಿಸಿ, ರೆಕ್ಕೆ ಬಲಿತಾಗ ಬಾಗಿಲು ತೆರೆಯುತ್ತಿದ್ದರು. 1983ರಲ್ಲಿ ನ್ಯೂಯಾರ್ಕ್ ನಗರದ ಸೇತುವೆಗಳಲ್ಲಿ ಮತ್ತೆ ಮರಿಗಳಾದವು. 1999ರ ಆಗಸ್ಟಿನಲ್ಲಿ ಆ ದೇಶದ ಸರಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಡೇಗೆಯ ಹೆಸರನ್ನು ತೆಗೆದುಹಾಕಿತು. ಪಟ್ಟಿಯಿಂದ ಹೆಸರು ಹೋದದ್ದು ಸಂತೋಷದ ವಿಷಯವಾದ ಅಪರೂಪದ ಪ್ರಸಂಗವಿದು.

ಐರೋಪ್ಯ ದೇಶಗಳಲ್ಲಿ ಈ ಮರಳುವಿಕೆಯ ಕಥೆ ಹೆಚ್ಚಾಗಿ ದೇವಾಲಯಗಳದ್ದೇ. ಬಾತ್ ನಗರದ ಸುವಾರ್ತಾಕರ್ತ ಸಂತ ಯೊವಾನ್ನರ ಕಥೋಲಿಕ ದೇವಾಲಯದ ಶಿಖರ 222 ಅಡಿ ಎತ್ತರವಿದೆ. 1942ರ ಬಾಂಬುದಾಳಿಯಲ್ಲಿ ಈ ದೇವಾಲಯ ಹಾನಿಗೊಂಡಿತ್ತು. ಅದರ ಶಿಖರದಲ್ಲಿಟ್ಟ ಪೆಟ್ಟಿಗೆಯಲ್ಲಿ 2006ರಿಂದ ಡೇಗೆಗಳು ಮರಿಮಾಡತೊಡಗಿದವು. ಅದೇ 2006ರಲ್ಲಿ ಡಾರ್ಬಿ ನಗರದ ಪ್ರಧಾನಾಲಯದ ಹದಿನಾರನೆಯ ಶತಮಾನದ ಗೋಪುರದಲ್ಲಿಯೂ ಜಲ್ಲಿ ತುಂಬಿದ ಹಲಗೆಯೊಂದನ್ನು ಇಡಲಾಯಿತು. ಅದೇ ವಸಂತದಲ್ಲಿ ಹಕ್ಕಿಗಳು ಅದನ್ನು ಸ್ವೀಕರಿಸಿದವು. ಸಾಲ್ಸ್‌ಬರಿಯಲ್ಲಿ 1953ರ ನಂತರ 61 ವರ್ಷಗಳ ಕಾಲ ಮರಿಗಳ ದನಿ ಕೇಳಿರಲಿಲ್ಲ. 2014ರಲ್ಲಿ ಅಲ್ಲಿಯೂ ಮರಿಗಳು ಮೊಟ್ಟೆಯೊಡೆದು ಬಂದವು. ಬಾರ್ಸಿಲೋನಾ ನಗರದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು 2010ರಲ್ಲಿ ಪವಿತ್ರೀಕರಿಸಿದ ಪವಿತ್ರ ಕುಟುಂಬದ ಮಹಾದೇವಾಲಯದ ಗೋಪುರಗಳಲ್ಲಿಯೂ, ಕಟ್ಟುವವರ ಸದ್ದುಗದ್ದಲದ ನಡುವೆಯೇ, ಡೇಗೆಗಳು ಸಂಸಾರ ಹೂಡಿದವು.

ಡಾರ್ಬಿಯಲ್ಲಿ 2007ರಿಂದ ಗೋಪುರದ ಹಲಗೆಯ ಮುಂದೆ ಕ್ಯಾಮೆರಾಗಳನ್ನು ಅಳವಡಿಸಿದ್ದರಿಂದ ಲೋಕದ ಜನರೆಲ್ಲರೂ ಈ ಸಂಸಾರವನ್ನು ಕುಳಿತಲ್ಲಿಂದಲೇ ನೋಡುವಂತಾಯಿತು. ದೇವಾಲಯದ ಮುಂದಿನ ಹುಲ್ಲುಬಯಲಿನಲ್ಲಿ ಸ್ವಯಂಸೇವಕರು ದೂರದರ್ಶಕಗಳನ್ನಿಟ್ಟು ದಾರಿಹೋಕರಿಗೆ ತೋರಿಸಿದರು. ಅವರು ಕಂಡ ಕ್ರಮ ಹೀಗಿದೆ. ಮಾರ್ಚ್ ತಿಂಗಳ ಕೊನೆಯಲ್ಲಿ ಹೆಣ್ಣು ಹಕ್ಕಿ ಒಂದೆರಡು ದಿನಗಳ ಅಂತರದಲ್ಲಿ ಮೂರೋ ನಾಲ್ಕೋ ಕೆಂಗಂದು ಮೊಟ್ಟೆಗಳನ್ನಿಡುತ್ತದೆ. ಮೊದಲ ಮೊಟ್ಟೆಗಳಿಗೆ ಪೂರ್ಣ ಕಾವು ಕೊಡದೆ, ಕಡೆಯವು ಬರುವ ಹೊತ್ತಿಗೆ ಗಟ್ಟಿಯಾಗಿ ಕೂರುತ್ತದೆ. ಆದುದರಿಂದ ಮರಿಗಳು ಹೆಚ್ಚು ಕಡಿಮೆ ಒಟ್ಟಿಗೆ ಹೊರಬರುತ್ತವೆ. ಕಾವಿನ ಅವಧಿ ಸುಮಾರು ಒಂದು ತಿಂಗಳು. ಗಂಡು ಹೆಣ್ಣಿಗಿಂತ ಮೂರನೆಯ ಒಂದು ಪಾಲು ಚಿಕ್ಕದು. ಅದು ಬೇಟೆ ತಂದು ಕೊಡುತ್ತದೆ, ನಡುನಡುವೆ ತಾನೂ ಕಾವಿಗೆ ಕೂರುತ್ತದೆ. ಬಿಳಿಯ ತುಪ್ಪಳದ ಮರಿಗಳಿಗೆ ತಾಯಿ ಮಾಂಸವನ್ನು ಅತ್ಯಂತ ಸಣ್ಣ ಚೂರುಗಳಾಗಿ ಹರಿದು, ಬಾಯಿಗೆ ಬಾಯಿ ತಾಗಿಸಿ ಉಣಿಸುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಎರಗುವ ಹಕ್ಕಿಯ ಕೊಕ್ಕಿನ ಈ ನಾಜೂಕನ್ನು ಕಂಡವರು ಮರೆಯುವುದಿಲ್ಲ.

ಮೂರು ವಾರಗಳಲ್ಲಿ ಗರಿ ಮೂಡಿ, ಆರು ವಾರಗಳ ಹೊತ್ತಿಗೆ ಮರಿಗಳು ಹಾರಲು ಹವಣಿಸುತ್ತವೆ. ಇದೇ ಕಠಿಣ ಕಾಲ. ಬಂಡೆಯಿಂದ ಜಾರಿದ ಮರಿಗೆ ಕೆಳಗೆ ಮರಗಿಡಗಳಿರುತ್ತವೆ. ಗೋಪುರದಿಂದ ಜಾರಿದ್ದಕ್ಕೆ ವಾಹನಗಳ ಬೀದಿ. ಕಾವಲಿದ್ದವರು ಅಂತಹ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ಮೇಲಕ್ಕೆ ಕೊಂಡೊಯ್ದುಬಿಟ್ಟ ಪ್ರಸಂಗಗಳು ಹಲವು. ಹಾರಲು ಕಲಿತ ಮರಿಗಳಿಗೆ ತಂದೆತಾಯಿಗಳು ಆಕಾಶದಲ್ಲಿಯೇ ಬೇಟೆಯನ್ನು ಕೆಳಕ್ಕೆ ಬಿಟ್ಟು, ಬೀಳುವುದರೊಳಗೆ ಹಿಡಿಯುವ ಪಾಠ ಕಲಿಸುತ್ತವೆ. ಇಷ್ಟು ಪಾಡುಪಟ್ಟರೂ ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳು ಸಾಯುತ್ತವೆ. ಇಂಗ್ಲೆಂಡಿನ ಗೋಪುರಗಳ ಕೆಳಗೆ ಬಿದ್ದ ಗರಿ ಮೂಳೆಗಳನ್ನು ಪರೀಕ್ಷಿಸಿದವರು ಇನ್ನೊಂದು ವಿಸ್ಮಯವನ್ನು ಕಂಡರು. ಹಗಲಿನಲ್ಲಿ ಪೇಟೆಯ ಮೇಲೆ ಎಂದೂ ಕಾಣಿಸದ ಜೌಗು ಹಕ್ಕಿಗಳ ಅವಶೇಷಗಳೂ ಅಲ್ಲಿದ್ದವು. ರಾತ್ರಿಯಲ್ಲಿ ವಲಸೆ ಹೋಗುವ ಆ ಹಕ್ಕಿಗಳನ್ನು ಡೇಗೆಗಳು ನಗರದ ದೀಪಗಳ ಬೆಳಕಿನಲ್ಲಿ ಹಿಡಿಯುತ್ತಿದ್ದವು.

ದೇವಾಲಯದವರಿಗೆ ಇದೆಲ್ಲವೂ ಸುಲಭವಾಗಿರಲಿಲ್ಲವೆಂಬುದನ್ನು ಹೇಳಬೇಕು. ಅಂಗಳದಲ್ಲಿ ಪಾರಿವಾಳದ ತಲೆ ಬೀಳುತ್ತದೆ, ಮೆಟ್ಟಲುಗಳು ಮಲಿನವಾಗುತ್ತವೆ. ಗೂಡಿನಲ್ಲಿ ಮೊಟ್ಟೆ ಮರಿಗಳಿರುವಾಗ ಅವುಗಳಿಗೆ ತೊಂದರೆ ಮಾಡುವುದು ಕಾನೂನಿಗೆ ವಿರುದ್ಧವಾದುದರಿಂದ, ಗೋಪುರದ ರಿಪೇರಿಯನ್ನು ತಿಂಗಳುಗಟ್ಟಲೆ ಮುಂದಕ್ಕೆ ಹಾಕಬೇಕಾಗುತ್ತದೆ. ಅದಕ್ಕಿಂತ ಆಳವಾದ ಪ್ರಶ್ನೆಯೂ ಒಂದಿದೆ. ಪಾರಿವಾಳ ಪವಿತ್ರಾತ್ಮರ ಸಂಕೇತ. ಅದನ್ನು ಹರಿದು ತಿನ್ನುವ ಹಕ್ಕಿಗೆ ದೇವರ ಮನೆಯಲ್ಲಿ ಎಡೆ ಕೊಡುವುದು ಸರಿಯೇ? ಬೈಬಲಿನ ಯೋಬನ ಗ್ರಂಥವನ್ನು ಓದಿದವರಿಗೆ ಉತ್ತರ ಹೊಳೆಯದಿರದು. ಅಲ್ಲಿ ದೇವರು ಯೋಬನಿಗೆ ತೋರಿಸುವ ಸೃಷ್ಟಿಯಲ್ಲಿ ಗಿಡುಗವಿದೆ, ಬಂಡೆಯ ಮೇಲೆ ಕುಳಿತು ಬೇಟೆಯನ್ನು ನೋಡುವ ಹದ್ದಿದೆ, ಅದರ ಮರಿಗಳೂ ಇವೆ. ನಮಗೆ ಹಿತವಾದ ಜೀವಿಗಳನ್ನು ಮಾತ್ರ ಆರಿಸಿ ಸೃಷ್ಟಿಯ ಪಟ್ಟಿ ಮಾಡುವ ಅಧಿಕಾರ ನಮಗೆ ಕೊಟ್ಟಿಲ್ಲ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ, ಪ್ರತಿಯೊಂದು ಜೀವಿಗೂ ಮನುಷ್ಯನಿಗಾಗುವ ಉಪಯೋಗವನ್ನು ಮೀರಿದ ಸ್ವಂತ ಬೆಲೆಯಿದೆಯೆಂಬ ಬೋಧನೆಯನ್ನು ವಿಸ್ತಾರವಾಗಿ ನೀಡಿದ್ದಾರೆ.

ನಮ್ಮ ಘಟ್ಟ, ನಮ್ಮ ಊರು

ಈಗ ನಮ್ಮ ಊರ ಕಡೆಗೆ ತಿರುಗೋಣ. ಡೇಗೆಯ ನಮ್ಮ ದೇಶದ ಉಪಜಾತಿಗೆ ಶಾಹೀನ್ ಎಂದು ಹೆಸರು. ಕಪ್ಪಿಗೆ ತಿರುಗಿದ ತಲೆ ಬೆನ್ನು, ಕೆಂಗಂದು ಹೊಟ್ಟೆ ಇದರ ಗುರುತು. ಸ್ವೀಡನ್ ದೇಶದ ಸುಂಡೆವಾಲ್ ಎಂಬ ವಿದ್ವಾಂಸರು 1837ರಲ್ಲಿ ಇದನ್ನು ಮೊದಲು ವರ್ಣಿಸಿದರು. ಅವರಿಗೆ ದೊರೆತ ಹಕ್ಕಿ ನಿಕೋಬಾರ್ ದ್ವೀಪಗಳಿಗೆ ದೂರವಾದ ನಡುಗಡಲಿನಲ್ಲಿ ಹಡಗಿನ ಮೇಲೆ ಸಿಕ್ಕಿದ್ದು. ಶಾಹೀನ್ ಪಶ್ಚಿಮ ಘಟ್ಟಗಳ ಕಡಿದಾದ ಬಂಡೆಗಳಲ್ಲಿಯೂ, ಬಯಲುಸೀಮೆಯ ನಂದಿಬೆಟ್ಟದಂತಹ ಕಲ್ಲುಬೆಟ್ಟಗಳಲ್ಲಿಯೂ ಕಾಣುವ ಹಕ್ಕಿ. ಡಿಸೆಂಬರಿನಿಂದ ಏಪ್ರಿಲಿನವರೆಗೆ, ಮಳೆಗಾಲಕ್ಕೆ ಮುನ್ನ, ಮರಿಗಳನ್ನು ಬೆಳೆಸುತ್ತದೆ. ಇದಲ್ಲದೆ ಉತ್ತರಧ್ರುವದ ಬಳಿಯ ಸೈಬೀರಿಯಾದಿಂದ ಚಳಿಗಾಲದಲ್ಲಿ ಬರುವ ಬಿಳಿಯೆದೆಯ ಡೇಗೆಗಳೂ ಉಂಟು; ಅವು ಕಡಲ ಕರೆಯಲ್ಲಿಯೂ ನಗರಗಳ ಎತ್ತರದ ಕಟ್ಟಡಗಳಲ್ಲಿಯೂ ಕುಳಿತಿದ್ದು, ಬೇಸಗೆಗೆ ಮುನ್ನ ಮರಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಹಕ್ಕಿಗೆ ರಕ್ಷಣೆಯಿದೆ.

ಕಾಣಿಯೂರಿನಿಂದ ಪಂಜದ ಮಾರ್ಗವಾಗಿ ಸುಬ್ರಹ್ಮಣ್ಯದತ್ತ ಸಾಗಿದರೆ ಕುಮಾರ ಪರ್ವತದ ಸಾಲು ಎದುರಿಗೆ ನಿಲ್ಲುತ್ತದೆ. ಶಾಹೀನಿಗೆ ಒಗ್ಗುವುದು ಅಂತಹ ಬಂಡೆ. ತೆಂಗು ಕಂಗುಗಳ ನಡುವೆ ಹುದುಗಿರುವ ನಮ್ಮ ತಗ್ಗಿನ ಗೋಪುರಗಳಲ್ಲ. ನಮ್ಮ ಸೀಮೆಯ ಇಗರ್ಜಿಗಳಿಗೆ ದೇವರು ಕಳುಹಿಸಿರುವ ನಿವಾಸಿಗಳು ಬೇರೆ. ಮಾಡಿನ ಸಂದಿನಲ್ಲಿ ಹಗಲೆಲ್ಲ ನಿದ್ರಿಸಿ ರಾತ್ರಿ ಇಲಿ ಹಿಡಿಯುವ ಕಣಜಗೂಬೆ, ಮುಖಮಂಟಪದ ಮೂಲೆಯಲ್ಲಿ ಗರಿ ಮತ್ತು ಎಂಜಲಿನ ಗೂಡು ಅಂಟಿಸುವ ಬಾನಾಡಿ, ಇವು ನಮ್ಮ ಯಾತ್ರಿಕರು.

ವಿಷದ ಕಥೆಯಂತೂ ನಮ್ಮಿಂದ ದೂರದ್ದಲ್ಲ. ಅಮೆರಿಕದಲ್ಲಿ ಖಾಲಿ ಗೂಡುಗಳ ಪಾಠ ಕಲಿತು ಹಲವು ವರ್ಷಗಳಾಗಿದ್ದರೂ, ಡಿ.ಡಿ.ಟಿ.ಯಂತೆಯೇ ಕ್ಲೋರಿನ್ ಸೇರಿದ ಕೀಟನಾಶಕಗಳ ಕುಲಕ್ಕೆ ಸೇರಿದ ಎಂಡೋಸಲ್ಫಾನನ್ನು, 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ನಮಗೆ ಹೊರೆಯಾಚೆಯವಲ್ಲದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುಗುಡ್ಡಗಳ ಮೇಲೂ ಅದು ಸುರಿಯಿತು. ಎಣ್ಮಕಜೆಯ ಕಡೆಯಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವ ವಿಷಯ 1979ರಲ್ಲಿಯೇ ಗಮನಕ್ಕೆ ಬಂದಿತ್ತು; ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದು ತಿಳಿಸಿದರು. ಕರುಗಳ ನಂತರ ಮನೆಮನೆಗಳ ಮಕ್ಕಳ ಸರದಿ ಬಂತು. ಕರ್ನಾಟಕ ಸರಕಾರ 2011ರ ಆರಂಭದಲ್ಲಿ ಇದನ್ನು ನಿಷೇಧಿಸಿತು; ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ಅನ್ವಯಿಸುವಂತೆ ತಡೆ ವಿಧಿಸಿತು. ಪೀಡಿತರಿಗಾಗಿ ಕೊಕ್ಕಡದಲ್ಲಿಯೂ ನಮ್ಮ ಕೊಯಿಲದಲ್ಲಿಯೂ ಪಾಲನಾ ಕೇಂದ್ರಗಳು ತೆರೆಯಲ್ಪಟ್ಟವು. ಮೊದಲ ಕರುವಿನ ಸುದ್ದಿಯಿಂದ ನಿಷೇಧದವರೆಗೆ 32 ವರ್ಷಗಳು ಕಳೆದವು. ಆ ಅವಧಿಯಲ್ಲಿ ಹುಟ್ಟಿ, ಇಂದಿಗೂ ತಾಯಿಯ ಕೈಯಿಂದಲೇ ಉಣ್ಣುವ ದೊಡ್ಡ ಮಕ್ಕಳಿರುವ ಮನೆಗಳನ್ನು ನಮ್ಮಲ್ಲಿ ಅನೇಕರು ಬಲ್ಲರು. ತೆಳುವಾದ ಚಿಪ್ಪಿನ ಕಥೆಯನ್ನು ನಾವು ಕೇವಲ ಹಕ್ಕಿಯ ಕಥೆಯೆಂದು ಓದಲಾರೆವು.

ಡೇಗೆ ಉಳಿದದ್ದು ಯಾವ ಪವಾಡದಿಂದಲೂ ಅಲ್ಲ. ಕೆಲವರು ಎಣಿಸಿದರು, ಕೆಲವರು ತಾರೀಖು ಬರೆದಿಟ್ಟರು, ತಪ್ಪೆಂದು ತಿಳಿದ ಮೇಲೆ ವಿಷವನ್ನು ನಿಲ್ಲಿಸಲಾಯಿತು. ಅನಂತರ ಒಂದು ಹಲಗೆ ಜಲ್ಲಿಯನ್ನಿಟ್ಟು, ಗೋಪುರದ ಬಾಗಿಲಿಗೆ ಮೂರು ತಿಂಗಳು ಬೀಗ ಹಾಕಿದರು. ಲಾ ವೆರ್ನಾದ ಸಂತರು ಮಾಡಿದ್ದೂ ಇಷ್ಟೇ. ಬಂಡೆಯನ್ನು ಹಕ್ಕಿಗೆ ಬಿಟ್ಟುಕೊಟ್ಟರು.

ಶತಮಾನೋತ್ಸವದ ನೆನಪಿಗೆ ಗೋಪುರಕ್ಕೆ ಸುಣ್ಣಬಣ್ಣ ಬಳಿಯುವುದು, ಮಾಡಿನ ಹೆಂಚು ತೆಗೆದು ಹೊದೆಸುವುದು ಎಲ್ಲ ಕಡೆಯೂ ನಡೆಯುವ ಕಾರ್ಯ. ಅಂತಹ ಕೆಲಸಕ್ಕೆ ಮೊದಲು ಒಬ್ಬರು ಏಣಿ ಹತ್ತಿ, ಸಂದಿಗೊಂದಿಗಳಲ್ಲಿ ಮೊಟ್ಟೆ ಮರಿಗಳಿವೆಯೇ ಎಂದು ನೋಡಿ, ಇದ್ದರೆ ಕೆಲವು ವಾರ ಕೆಲಸ ತಡೆಹಿಡಿಯಬೇಕೆಂದು ನಾವು ವಿನಯದಿಂದ ಬಿನ್ನವಿಸುತ್ತೇವೆ. ಧರ್ಮಕೇಂದ್ರದ ದಾಖಲೆಗಳ ಜೊತೆಗೆ ಇನ್ನೊಂದು ಪುಸ್ತಕವನ್ನು ಇರಿಸಬಹುದು. ಯಾವ ವರ್ಷ ಯಾವ ಹಕ್ಕಿ ಎಲ್ಲಿ ಗೂಡುಮಾಡಿತು, ಯಾವ ವರ್ಷ ಬರಲಿಲ್ಲ, ಯಾರ ತೋಟಕ್ಕೆ ಯಾವ ಔಷಧ ಬಿತ್ತು ಎಂಬುದನ್ನು ತಾರೀಖು ಸಹಿತ ಅದರಲ್ಲಿ ಬರೆದಿಡಲಿ. ಮತಬೋಧೆಗೆ ಬರುವ ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡಿಯಾರು. ಇಂದು ಅದು ಕ್ಷುಲ್ಲಕವೆಂದು ಕಾಣಬಹುದು. ಎರಡನೆಯ ಶತಮಾನೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರಿಗೆ ಆ ಪುಸ್ತಕ ಏನು ಹೇಳುವುದೆಂದು ಈಗ ಊಹಿಸಲಾರೆವು. 1900ರಲ್ಲಿ ಮೊಟ್ಟೆಯ ಮೇಲೆ ತಾರೀಖು ಬರೆದವನಿಗೂ ತಿಳಿದಿರಲಿಲ್ಲ.

ಸಕಲ ಜೀವಿಗಳ ಪಾಲಕನಾದ ಪ್ರಭು ನಮ್ಮ ಈ ದೇವಾಲಯವನ್ನೂ, ಅದರ ಗಂಟೆಯ ಕೆಳಗೆ ಪ್ರಾರ್ಥಿಸುವವರನ್ನೂ, ಗಂಟೆಯ ಮೇಲೆ ಗೂಡು ಮಾಡುವವರನ್ನೂ ಕಾಪಾಡಲಿ.